ಮಗನನ್ನು ಮೊದಲು ಯಾರಿಗೆ ತೋರಿಸಬೇಕು?

ಪ್ರಶ್ನೆ: ಮಗನಿಗೆ 24 ವರ್ಷ. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ತಲೆಭಾರ ಎನ್ನುತ್ತಾನೆ. ಕೆಲಸಕ್ಕೂ ಹೋಗುತ್ತಿಲ್ಲ. ನರದ ಡಾಕ್ಟರಿಗೆ ತೋರಿಸಿ ಅಂತ ಕೆಲವರು, ಕೌನ್ಸೆಲಿಂಗ್ ಸಾಕು ಅಂತ ಕೆಲವರು. ಮನೋವೈದ್ಯರ ಹತ್ತಿರ ಹೋದರೆ ಮಾತ್ರೆ ಚಟವಾಗುತ್ತದೆಂಬ ಭಯ ನಮಗೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮನೋವೈದ್ಯರಿಗೆ ತೋರಿಸಿ, ಈ ವಾರವೇ. ಇದು ಖಿನ್ನತೆ ಇರಬಹುದು. ನಿದ್ದೆ, ಹಸಿವು, ದುಡಿಮೆ ಮೂರೂ ಕೆಟ್ಟಾಗ ಬರೀ ಮಾತಿನ ಸಮಾಧಾನಕ್ಕೆ ಕಾಯುವುದು ಸರಿಯಲ್ಲ. ಅದಕ್ಕೂ ಮೊದಲು, ಇವತ್ತೇ, 'ಸಾಯಬೇಕು ಅನ್ನಿಸುತ್ತದಾ ಮಗಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕ ಅವನ ಕೈಗೆ ಸಿಗದಂತೆ ಮಾಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೋವೈದ್ಯರೆಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ರಕ್ತಹೀನತೆ, ಕುಡಿತ ಇವೆಲ್ಲ ಖಿನ್ನತೆಯಂತೆಯೇ ಕಾಣಬಹುದು. ಅವನ್ನು ಮೊದಲು ಪರೀಕ್ಷಿಸಬೇಕು. ನರರೋಗ ತಜ್ಞರ ಕ್ಷೇತ್ರ ಫಿಟ್ಸ್, ಪಾರ್ಶ್ವವಾಯು, ಕೈಕಾಲಿನ ಬಲ ಕುಂದುವಂಥದ್ದು. ತಲೆಭಾರಕ್ಕೆಂದು ಸ್ಕ್ಯಾನ್ ಮಾಡಿಸಿ, ರಿಪೋರ್ಟ್ ನಾರ್ಮಲ್ ಬಂತೆಂದು ಸುಮ್ಮನಾಗುವ ಮನೆಗಳು ಬಹಳ. ರೋಗಿ ಮಾತ್ರ ಅಲ್ಲೇ ಉಳಿಯುತ್ತಾನೆ.

ಇನ್ನು ಚಟದ ಭಯ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಅಭ್ಯಾಸವಾಗುವುದು ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ಕ್ಲೊನಜೆಪಮ್ ಜಾತಿಯವು. ಅವನ್ನು ಕೆಲವೇ ವಾರಕ್ಕೆಂದು ಬರೆದಿರುತ್ತಾರೆ, ಜನ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುತ್ತಾರೆ. ಖಿನ್ನತೆಯ ಮಾತ್ರೆಯ ಗುಣ ಕಾಣಲು 2ರಿಂದ 4 ವಾರ ಬೇಕು. ಮೊದಲ ವಾರ ಬರುವುದು ಗುಣವಲ್ಲ, ಹೊಟ್ಟೆ ತೊಳಸುವಿಕೆ ಮತ್ತು ಚಡಪಡಿಕೆ! ಹಲವರು ಬಿಟ್ಟುಬಿಡುವುದು ಅಲ್ಲಿಯೇ. 25ರೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಬಹುದಾದ್ದರಿಂದ ನಿಮ್ಮ ಮಗನ ಮೇಲೆ ಆಗ ಕಣ್ಣಿರಲಿ. ಹುಷಾರಾದ ಮೇಲೂ 6ರಿಂದ 9 ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಮಾತಿನ ಚಿಕಿತ್ಸೆಯೂ ಬೇಕಾಗಬಹುದು. ಅದಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಮಾತ್ರೆ ಬರೆಯುವುದಿಲ್ಲ. ಎಂಫಿಲ್‌ನಂಥ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ನೋಡಿ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಯೋಚನೆ, ನಡವಳಿಕೆಯ ಜಾಡನ್ನು ತಿದ್ದುವ ಸಿಬಿಟಿ ಎಂಬ ವಿಧಾನವಾದರೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಂತೆ 12ರಿಂದ 16 ಭೇಟಿ. ಆಪ್ತಸಮಾಲೋಚಕರು ಪರೀಕ್ಷೆಯ ಒತ್ತಡ, ದಾಂಪತ್ಯದ ಜಗಳ, ಅಗಲಿಕೆಯ ದುಃಖಕ್ಕೆ ನೆರವಾಗುತ್ತಾರೆ. ಆದರೆ ಕೆಲವು ವಾರಗಳ ಕೋರ್ಸ್ ಮಾಡಿ ಬೋರ್ಡು ಹಾಕಿಕೊಂಡವರೂ ಇದ್ದಾರೆ, ಹಾಗಾಗಿ ಓದು ಏನೆಂದು ವಿಚಾರಿಸಿ. 'ಮಾತ್ರೆ ನಿಲ್ಲಿಸಿ, ನಾನು ಸರಿಮಾಡುತ್ತೇನೆ' ಎಂದವರಿಂದ ದೂರವಿರಿ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ತೋರಿಸಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವಾಗ ಶುರುವಾಯಿತು, ಎಷ್ಟು ಗಂಟೆ ನಿದ್ದೆ, ಈಗ ನುಂಗುತ್ತಿರುವ ಮಾತ್ರೆ, ಮನೆಯಲ್ಲಿ ಯಾರಿಗಾದರೂ ಇಂಥದ್ದಿತ್ತೇ. ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಣಿಯದೆ ಓಡಾಡಿ, ಅತಿಯಾಗಿ ಮಾತಾಡಿ, ದುಡ್ಡು ಚೆಲ್ಲಿದ ದಿನಗಳಿದ್ದರೆ ಅದನ್ನು ಖಂಡಿತ ಹೇಳಿ. ಅದು ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರಬಹುದು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ.