ಅಟಾರಿ ಪ್ಯಾಕ್‌ಮ್ಯಾನ್‌ನ ದೆವ್ವಗಳು ಯಾಕೆ ಹಾಗೆ ಮಿಣುಕುತ್ತವೆ?

ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್) ಅಟಾರಿ 2600 ಅನ್ನುವ ಹಳೆಯ ಟಿವಿ ಗೇಮ್ ಯಂತ್ರದ ಪ್ಯಾಕ್‌ಮ್ಯಾನ್ ಆಡಿದೆ, ದೆವ್ವಗಳು ಒಂದೇ ಸಮ ಮಿಣುಕುತ್ತಿವೆ, ಲ್ಯಾಪ್‌ಟಾಪ್‌ನದ್ದೇ ತೊಂದರೆಯಾ ಅಥವಾ ಗೇಮ್ ಬರೆದವರು ಅಷ್ಟು ಸೋಮಾರಿಗಳಾ ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ಚೆನ್ನಾಗಿದೆ, ಬಿಡಿ. 1982ರಲ್ಲಿ ಅಮೆರಿಕದ ಮಕ್ಕಳು ದುಡ್ಡು ಕೊಟ್ಟು ತಂದ ಗೇಮ್ ಕೂಡ ಹೀಗೇ ಮಿಣುಕುತ್ತಿತ್ತು.

ನನಗೂ ಮೊದಲ ಸಲ ನೋಡಿದಾಗ ಗಾಬರಿಯಾಗಿತ್ತು. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಿದ್ದ ಟಿವಿ ಗೇಮ್‌ನಲ್ಲಿ ಪ್ಯಾಕ್‌ಮ್ಯಾನ್ ಇರುತ್ತಿತ್ತು. ಕ್ಯಾಸೆಟ್ ಊದಿ, ಒರೆಸಿ, ಮತ್ತೆ ಊದಿ ಹಾಕಬೇಕಿತ್ತು ಅಷ್ಟೇ. ಗೇಮ್ ಮಾತ್ರ ನೀಟಾಗಿ ಓಡುತ್ತಿತ್ತು. ಅವೆಲ್ಲ ಜಪಾನಿನ ಫ್ಯಾಮಿಕಾಮ್‌ನ ನಕಲುಗಳು. ಫ್ಯಾಮಿಕಾಮ್ ಬಂದದ್ದು 1983ರಲ್ಲಿ. ಪರದೆ ಮೇಲೆ ಒಟ್ಟು 64 ಸ್ಪ್ರೈಟ್, ಅಂದರೆ ಬೇಕಾದ ಕಡೆ ಓಡಾಡಿಸಬಹುದಾದ ಚಿಕ್ಕ ಚಿತ್ರಗಳನ್ನು, ಅದು ತೋರಿಸಬಲ್ಲದು. ನಾಲ್ಕು ದೆವ್ವ ಅದಕ್ಕೆ ಯಾವ ಲೆಕ್ಕ?

ಅಟಾರಿ 2600 ಬಂದದ್ದು 1977ರಲ್ಲಿ. ಇಬ್ಬರು ಎದುರುಬದುರು ಆಡುವ ಪಾಂಗ್, ಟ್ಯಾಂಕ್ ಥರದ ಆಟಗಳನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಯಂತ್ರ. ಹಾಗಾಗಿ ಅದರಲ್ಲಿ ಆಟಗಾರರಿಗೆ ಅಂತ ಇರುವುದು ಎರಡೇ ಸ್ಪ್ರೈಟ್. ಜೊತೆಗೆ ಗುಂಡು, ಚೆಂಡು ತೋರಿಸಲು ಮೂರು ಚಿಕ್ಕ ಚುಕ್ಕೆ. ಮುಗಿಯಿತು. ಪ್ಯಾಕ್‌ಮ್ಯಾನ್‌ಗೆ ಬೇಕಾದದ್ದು ಐದು: ಹೀರೋ ಒಬ್ಬ, ದೆವ್ವ ನಾಲ್ಕು.

ಗೇಮ್ ಬರೆದ ಟಾಡ್ ಫ್ರೈ ಒಂದು ಸ್ಪ್ರೈಟನ್ನು ಪ್ಯಾಕ್‌ಮ್ಯಾನ್‌ಗೆ ಕೊಟ್ಟು, ಉಳಿದ ಒಂದನ್ನು ನಾಲ್ಕೂ ದೆವ್ವಗಳಿಗೆ ಸರದಿ ಮೇಲೆ ಹಂಚಿದರು. ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಬರುತ್ತದೆ. ಮೊದಲ ಸಲ ಒಂದು ದೆವ್ವ, ಮುಂದಿನ ಸಲ ಇನ್ನೊಂದು. ಹೀಗೆ ಒಂದೊಂದಕ್ಕೂ ಸೆಕೆಂಡಿಗೆ 15 ಸಲ ಮಾತ್ರ ಮುಖ ತೋರಿಸುವ ಭಾಗ್ಯ. ನಂಬಿಕೆ ಬರದಿದ್ದರೆ ಸ್ಟೆಲ್ಲಾ ಎಮ್ಯುಲೇಟರ್‌ನಲ್ಲಿ ಗೇಮ್ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿ. ಯಾವ ಫ್ರೇಮ್‌ನಲ್ಲೂ ಒಂದಕ್ಕಿಂತ ಜಾಸ್ತಿ ದೆವ್ವ ಇರುವುದಿಲ್ಲ. ನಾನು ಮೊದಲು ಇದನ್ನು ಮಾಡಿ ನೋಡಿದಾಗ ಸುಮ್ನೆ ನಕ್ಕುಬಿಟ್ಟೆ. ಇಷ್ಟು ದಿನ ಒಂದೇ ದೆವ್ವಕ್ಕೆ ಹೆದರಿ ಓಡಿದ್ದೆ!

ಇನ್ನು ಮೆಮೊರಿ. ಇಡೀ ಯಂತ್ರಕ್ಕೆ ಇರುವ ರ‍್ಯಾಮ್ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಇಂದಿನ ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ, ಕಾಗುಣಿತ, ಒತ್ತು ಎಲ್ಲದಕ್ಕೂ ಸಾಮಾನ್ಯವಾಗಿ ಮೂರು ಮೂರು ಬೈಟ್ ಬೇಕು. ಅಂದರೆ 'ಪ್ಯಾಕ್‌ಮ್ಯಾನ್' ಅಂತ ಮೂರು ಸಲ ಬರೆದರೆ ಸರಿಹೋಯಿತು, ನಾಲ್ಕನೆಯದಕ್ಕೆ ಜಾಗ ಇಲ್ಲ. ಇಷ್ಟರಲ್ಲೇ ಯಾರು ಎಲ್ಲಿದ್ದಾರೆ, ಸ್ಕೋರ್ ಎಷ್ಟು, ದಾರಿಯಲ್ಲಿನ ಯಾವ ಚುಕ್ಕೆಯನ್ನು ಪ್ಯಾಕ್‌ಮ್ಯಾನ್ ತಿಂದಾಗಿದೆ, ಯಾವುದು ಬಾಕಿ ಇದೆ ಎಲ್ಲ ನೆನಪಿಡಬೇಕು. ಅದರ ಮೇಲೆ ಇಬ್ಬರು ಸರದಿಯಲ್ಲಿ ಆಡುವ ಆಯ್ಕೆ ಬೇರೆ. ಒಬ್ಬ ಸತ್ತು ಇನ್ನೊಬ್ಬನ ಸರದಿ ಬಂದಾಗ ಮೊದಲನೆಯವನ ಚುಕ್ಕೆಗಳ ಲೆಕ್ಕವನ್ನೂ ಎಲ್ಲೋ ಇಟ್ಟಿರಬೇಕಲ್ಲ?

ಚಿತ್ರವನ್ನು ಪೂರ್ತಿ ಬರೆದು ಇಟ್ಟುಕೊಳ್ಳಲು ಮೆಮೊರಿಯೇ ಇಲ್ಲ. ಬಿಸಿ ದೋಸೆ ಹೆಂಚಿನಿಂದ ನೇರ ಎಲೆಗೆ ಬೀಳುವ ಹಾಗೆ, ಟಿವಿ ಒಂದೊಂದು ಗೆರೆ ಎಳೆಯುವ ಹೊತ್ತಿಗೆ ಸರಿಯಾಗಿ ಆ ಗೆರೆಯಲ್ಲಿ ಏನಿರಬೇಕು ಅಂತ ಪ್ರೋಸೆಸರ್ ಹೇಳುತ್ತಿರಬೇಕು. ಒಂದು ಗೆರೆಗೆ ಸಿಗುವುದು 76 ಸೈಕಲ್, ಅಂದರೆ ಪ್ರೋಸೆಸರ್‌ನ 76 ಮಿಡಿತ. ಒಂದೊಂದು ಸೂಚನೆಗೆ ಕಡಿಮೆ ಅಂದರೂ ಎರಡು ಸೈಕಲ್ ಬೇಕು. ತಡವಾದರೆ ದೋಸೆ ನೆಲಕ್ಕೆ.

ಚುಕ್ಕೆಗಳು ಗೆರೆಗಳ ಹಾಗೆ ಕಾಣುವುದಕ್ಕೂ ಇದೇ ಥರದ ಕಾರಣ. ಹಿನ್ನೆಲೆ ಬರೆಯಲು ಪರದೆಯ ಅಗಲಕ್ಕೆ ಸಿಗುವುದು ಬರೀ 40 ತುಂಡು. ಗೋಡೆಯನ್ನೂ ಚುಕ್ಕೆಯನ್ನೂ ಅದೇ ಇಟ್ಟಿಗೆಯಲ್ಲಿ ಕಟ್ಟಬೇಕು. ಹಾಗಾಗಿ ದುಂಡನೆಯ ಚುಕ್ಕೆ ಉದ್ದನೆಯ ಚೂರಾಯಿತು. ಕಂಪನಿಯವರು ಜಾಣರು, ಕೈಪಿಡಿಯಲ್ಲಿ ಅದನ್ನು 'ವೇಫರ್' (ತೆಳು ಬಿಸ್ಕತ್ತು) ಅಂತ ಕರೆದರು.

ಹಾಗಾದರೆ ತಪ್ಪೆಲ್ಲ ಯಂತ್ರದ್ದೇನಾ? ಇಲ್ಲ, ಅಲ್ಲಿಗೆ ಬಿಡುವ ಹಾಗಿಲ್ಲ. ಮರುವರ್ಷ ಇದೇ ಯಂತ್ರಕ್ಕೆ ಮಿಸ್ ಪ್ಯಾಕ್‌ಮ್ಯಾನ್ ಬಂತು. ಅದನ್ನು ಆಡಿದರೆ ಇವೆರಡೂ ಒಂದೇ ಡಬ್ಬಿಯಲ್ಲಿ ಓಡುತ್ತವೆ ಅಂತ ನಂಬಲು ಕಷ್ಟ. ಅದರಲ್ಲಿ ದೆವ್ವಗಳು ಬೇರೆ ಬೇರೆ ಎತ್ತರದಲ್ಲಿದ್ದರೆ, ಮೇಲೆ ಒಂದನ್ನು ಬರೆದು ಮುಗಿಸಿದ ಸ್ಪ್ರೈಟನ್ನೇ ಕೆಳಗೆ ಇನ್ನೊಂದಕ್ಕೆ ಬಳಸುತ್ತಾರೆ. ಒಂದೇ ಸಾಲಿಗೆ ಬಂದಾಗ ಮಾತ್ರ ಮಿಣುಕು. ಆದರೆ ಅದರ ಕ್ಯಾಸೆಟ್ 8 ಕಿಲೋಬೈಟ್‌ನದ್ದು, ಮೊದಲನೆಯದು 4ರದ್ದು. ಆ 4 ಕಿಲೋಬೈಟ್‌ನಲ್ಲೂ ಇದಕ್ಕಿಂತ ಚೆನ್ನಾಗಿ ಮಾಡಬಹುದಿತ್ತು ಅಂತ ಎಷ್ಟೋ ವರ್ಷಗಳ ಮೇಲೆ ಹವ್ಯಾಸಿಗಳು ಬರೆದು ತೋರಿಸಿದ್ದಾರೆ. ಆದರೆ ಅವರ ಬೆನ್ನಿಗೆ ಎರಡು ಮೂರು ದಶಕದ ಉಪಾಯಗಳಿದ್ದವು. ಫ್ರೈ ಅವರಿಗೆ ಆ ಅನುಕೂಲ ಎಲ್ಲಿತ್ತು?

ಮಿಣುಕನ್ನು ನಾನು ಕ್ಷಮಿಸುತ್ತೇನೆ. ನನ್ನ ತಕರಾರು ಬಣ್ಣದ ಬಗ್ಗೆ. 1980ರಲ್ಲಿ ನಾಮ್ಕೋ ಕಂಪನಿ ತಂದ ಮೂಲ ಆರ್ಕೇಡ್ ಯಂತ್ರದಲ್ಲಿ (ನಾಣ್ಯ ಹಾಕಿ ಆಡುವಂಥದ್ದು) ನಾಲ್ಕು ದೆವ್ವಕ್ಕೆ ನಾಲ್ಕು ಬಣ್ಣ, ನಾಲ್ಕು ಸ್ವಭಾವ. ಕೆಂಪು ಬ್ಲಿಂಕಿ ಬೆನ್ನಟ್ಟಿ ಬರುತ್ತದೆ. ಗುಲಾಬಿ ಪಿಂಕಿ ನಿಮಗಿಂತ ಮುಂದೆ ಹೋಗಿ ಅಡ್ಡ ಹಾಕಲು ನೋಡುತ್ತದೆ. ಬಣ್ಣ ನೋಡಿಯೇ ಯಾವ ಕಡೆ ತಿರುಗಬೇಕು ಅಂತ ಗೊತ್ತಾಗುತ್ತದೆ, ಅಲ್ವಾ? ಅಟಾರಿಯಲ್ಲಿ ಎಲ್ಲವೂ ಮಸುಕು ಮಸುಕು, ಯಾರು ಯಾರೆಂದೇ ತಿಳಿಯದು. ಕಪ್ಪು ಹಿನ್ನೆಲೆಯ ಮೇಲಿನ ನೀಲಿ ಗೆರೆಗಳು ಹೋಗಿ, ನೀಲಿ ನೆಲದ ಮೇಲೆ ಬೇರೆ ಬಣ್ಣದ ಗೋಡೆ ಎದ್ದಿದೆ. ಎಡಬಲದ ಸುರಂಗ ಮೇಲೆ ಕೆಳಗೆ ಹೋಗಿದೆ. ಹಣ್ಣುಗಳ ಜಾಗಕ್ಕೆ 'ವಿಟಮಿನ್' ಅನ್ನುವ ಒಂದು ಚೌಕ. ಚೆರ‍್ರಿ ಕೇಳಿದ ಮಗುವಿಗೆ ಮಾತ್ರೆ ಕೊಟ್ಟ ಹಾಗೆ!

ಆದರೂ ಆ ಹೆಸರಿನ ಬಲ ನೋಡಿ, 70 ಲಕ್ಷಕ್ಕೂ ಜಾಸ್ತಿ ಕ್ಯಾಸೆಟ್ ಮಾರಾಟವಾದವು. 2600ಕ್ಕೆ ಬಂದ ಗೇಮ್‌ಗಳಲ್ಲೇ ಅತಿ ಹೆಚ್ಚು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ಕುಸಿದದ್ದಕ್ಕೆ ಇದನ್ನೂ, ಅದೇ ಹೆಸರಿನ ಸಿನಿಮಾ ಆಧರಿಸಿದ ಇ.ಟಿ. ಗೇಮನ್ನೂ ದೂರುವವರು ಬಹಳ. ಒಂದೆರಡು ಗೇಮ್‌ನಿಂದ ಇಡೀ ಉದ್ಯಮ ಮುಳುಗುತ್ತದೆ ಅನ್ನುವುದನ್ನು ನಾನಂತೂ ಒಪ್ಪಲ್ಲ.

ಈಗ ನಿಮ್ಮ ಲ್ಯಾಪ್‌ಟಾಪ್ ವಿಷಯ. ಹಳೆಯ ದಪ್ಪ ಟಿವಿಯಲ್ಲಿ ಬೆಳಕು ಥಟ್ಟನೆ ಆರದೆ ಸ್ವಲ್ಪ ಉಳಿಯುತ್ತಿತ್ತು, ಮಿಣುಕು ಒಂಚೂರು ಮೆತ್ತಗಾಗುತ್ತಿತ್ತು. ಈಗಿನ ಪರದೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಸ್ಟೆಲ್ಲಾದಲ್ಲಿ ಫಾಸ್ಫರ್ ಅನ್ನುವ ಆಯ್ಕೆ ಇದೆ. ಒಮ್ಮೆ ಆಫ್, ಒಮ್ಮೆ ಆನ್ ಮಾಡಿ ಆಡಿ ನೋಡಿ. ಆನ್ ಮಾಡಿದಾಗ ನಾಲ್ಕೂ ದೆವ್ವಗಳು ತೆಳ್ಳಗೆ, ಪಾರದರ್ಶಕವಾಗಿ, ಒಟ್ಟಿಗೆ ಕಾಣುತ್ತವೆ.