‘ವ್ಯೂ ಫ್ರಮ್ ದ ಟಾಪ್’ ನೋಡಿದರೆ ಗಗನಸಖಿಯ ಕೆಲಸ ಗೊತ್ತಾಗುತ್ತಾ?

ನಿಮ್ಮ ತಂಗಿಗೆ ಗಗನಸಖಿ ಆಗುವ ಆಸೆ, ಈ ಸಿನಿಮಾ ತೋರಿಸಲೇ ಎಂದು ಕೇಳಿದ್ದೀರಿ. ಬೇಕಾದರೆ ತೋರಿಸಿ. ಆದರೆ ಕೆಲಸ ಗೊತ್ತಾಗಲಿ ಎಂದು ತೋರಿಸಬೇಡಿ. ನಾನು ಕಲಬುರಗಿಯವಳು, ಆರು ವರ್ಷ ಕ್ಯಾಬಿನ್ ಕ್ರ್ಯೂ ಆಗಿದ್ದೆ. ಈ ಸಿನಿಮಾ ನನಗೆ ತುಂಬಾ ಬೇಜಾರು ಮಾಡಿತು.

ಹೋದ ತಿಂಗಳು ಮನೆಯಲ್ಲಿ ನೋಡಿದೆ. ಅವ್ವ ಪಕ್ಕದಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಇಂಗ್ಲಿಷ್ ಬರುವುದಿಲ್ಲ, ಆಗಾಗ ತಲೆ ಎತ್ತಿ ನೋಡುತ್ತಿದ್ದಳು. ಮುಕ್ಕಾಲು ಸಿನಿಮಾ ಆದಮೇಲೆ ಕೇಳಿದಳು: ‘ಈ ಹುಡುಗಿ ನೌಕರಿ ಯಾವಾಗ ಮಾಡ್ತಾಳ?’ ನನ್ನ ಬೇಜಾರೂ ಅದೇ.

ಇದು 2003ರ ಸಿನಿಮಾ, 87 ನಿಮಿಷ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಿಡುಗಡೆ ಮುಂದಕ್ಕೆ ಹೋಗಿತ್ತು. ಗ್ವಿನೆತ್ ಪಾಲ್ಟ್ರೋ ಇದರಲ್ಲಿ ಅಮೆರಿಕದ ನೆವಾಡಾದ ಸಣ್ಣ ಊರಿನ ಹುಡುಗಿ ಡೊನ್ನಾ. ಗಗನಸಖಿಯಾಗಿ ಪ್ಯಾರಿಸ್ಸಿಗೆ ಹಾರುವುದು ಅವಳ ಕನಸು. ಗೆಳತಿಯ ಮೋಸದಿಂದ ಡ್ಯೂಟಿಗೆ ಸಿಗುವುದು ಅಮೆರಿಕದ್ದೇ ಊರು ಕ್ಲೀವ್‌ಲ್ಯಾಂಡ್, ಅಲ್ಲಿ ಟೆಡ್ ಎಂಬ ಹುಡುಗ. ಆಮೇಲೆ ಪ್ಯಾರಿಸ್ ಬೇಕೋ ಟೆಡ್ ಬೇಕೋ, ಅಷ್ಟೇ ಕಥೆ.

ಶುರುವಿನ ಭಾಗ ನನಗೆ ಹಿಡಿಸಿತು. ನಾನು ಕೆಲಸಕ್ಕೆ ಸೇರಿದಾಗ ಕಲಬುರಗಿಯಲ್ಲಿ ವಿಮಾನ ನಿಲ್ದಾಣವೇ ಇರಲಿಲ್ಲ. ಅದು ಶುರುವಾಗಿದ್ದು 2019ರ ನವೆಂಬರ್ 22ಕ್ಕೆ. ಇಂಟರ್ವ್ಯೂಗೆ ರೈಲು ಹತ್ತಿ ಹೈದರಾಬಾದಿಗೆ ಹೋಗಿದ್ದೆ. ಹಾಗಾಗಿ ಡೊನ್ನಾಳ ಹಸಿವು ನನಗೆ ಅರ್ಥವಾಗುತ್ತದೆ. ಅವಳಿಗೆ ದಾರಿ ತೋರಿಸುವ ಹಿರಿಯ ಗಗನಸಖಿಯಾಗಿ ಕ್ಯಾಂಡಿಸ್ ಬರ್ಗನ್ ಬಂದಾಗೆಲ್ಲ ಸಿನಿಮಾಗೆ ಜೀವ ಬರುತ್ತದೆ. ಟ್ರೈನಿಂಗ್ ಕೊಡುವವರು ಮೈಕ್ ಮೈಯರ್ಸ್. ಅವರ ಮೆಳ್ಳೆಗಣ್ಣಿನ ಮೇಲೆ ಮತ್ತೆ ಮತ್ತೆ ಜೋಕು. ಒಬ್ಬರ ಕಣ್ಣಿನ ತೊಂದರೆಗೆ ನಗಲು ನನ್ನಿಂದ ಆಗಲಿಲ್ಲ.

ನಿಜವಾದ ಟ್ರೈನಿಂಗ್ ಎಂದರೆ ಬೆಂಕಿ ಆರಿಸುವುದು, ಎದೆ ಒತ್ತಿ ಉಸಿರು ಕೊಡುವುದು, ಗಂಟಲು ಕಿತ್ತುಹೋಗುವಂತೆ ಕೂಗಿ ಜನರನ್ನು ಇಳಿಸುವುದು. ಅರ್ಧದಷ್ಟು ಬಾಗಿಲುಗಳು ಬಂದ್ ಇದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರಬಹುದು ಎಂದು ತೋರಿಸಿದಮೇಲೆಯೇ ದೊಡ್ಡ ವಿಮಾನಕ್ಕೆ ಒಪ್ಪಿಗೆ ಸಿಗುತ್ತದೆ. ಶುರುವಿನಿಂದಲೂ ಇದು ಜನರನ್ನು ನೋಡಿಕೊಳ್ಳುವ ಕೆಲಸ: 1930ರಲ್ಲಿ ಈ ಕೆಲಸಕ್ಕೆ ಬಂದ ಮೊದಲ ಹೆಣ್ಣುಮಗಳು ಎಲೆನ್ ಚರ್ಚ್ ಒಬ್ಬ ನರ್ಸ್. ಡೊನ್ನಾ ಹೆಸರಿಗೆ ಮಾತ್ರ ಈ ಕೆಲಸದಲ್ಲಿದ್ದಾಳೆ.

ನಗಿಸುವ ವಿಷಯಕ್ಕೆ ಬರಗಾಲವೇನಿಲ್ಲ. ಒಮ್ಮೆ ಹೈದರಾಬಾದಿನಿಂದ ವಾರಾಣಸಿಗೆ ಹೊರಟಿದ್ದೆವು. ಆಳಂದ ಕಡೆಯ ಒಬ್ಬ ಆಯಿ ಕಾಶಿಗೆ ಹೊರಟಿದ್ದರು, ಮೊದಲ ಸಲ ವಿಮಾನ. ಬೆಲ್ಟ್ ಹಾಕಿಕೊಟ್ಟಮೇಲೆ ಬಕಲ್ ಮೇಲಿನ ಕೈಯನ್ನೇ ತೆಗೆಯಲಿಲ್ಲ, ಬಿಚ್ಚಿಕೊಂಡು ಹೋದರೆ ಎಂದು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ‘ಏನೂ ಆಗಂಗಿಲ್ಲ ಆಯಿ’ ಅಂದೆ. ನಮ್ಮ ಕಡೆಯ ಮಾತು ಕೇಳಿ ನನ್ನ ಗದ್ದ ಹಿಡಿದು, ‘ನೀ ಯಾವೂರಾಕಿ?’ ಎಂದರು. ಕಲಬುರಗಿ ಅಂದಕೂಡಲೇ ಸೆರಗಿನ ಗಂಟು ಬಿಚ್ಚಿ ಬೆಲ್ಲ, ಕೊಬ್ಬರಿ ಕೈಗಿಟ್ಟರು. ಆಮೇಲೆ ಎಲ್ಲರಿಗೂ ಕೇಳುವಂತೆ ನನ್ನ ಮದುವೆ ವಿಚಾರ ತೆಗೆದರು. ಇಡೀ ಸಾಲು ನಕ್ಕಿತು. ಸಿನಿಮಾದಲ್ಲಿ ನೆನಪಿಟ್ಟುಕೊಳ್ಳುವಂಥ ಒಬ್ಬ ಪ್ರಯಾಣಿಕರೂ ನನಗೆ ಸಿಗಲಿಲ್ಲ.

ಪ್ರೀತಿಯ ಭಾಗವೂ ಹಾಗೇ. ನಮ್ಮ ಪ್ರೀತಿಗೆ ವೈರಿ ಎಂದರೆ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ. ಮೂರು ವರ್ಷ ಶರಣಬಸವೇಶ್ವರ ಜಾತ್ರೆಗೆ ಬರಲು ನನಗೆ ರಜೆ ಸಿಗಲಿಲ್ಲ. ಅಂಥ ಹುಡುಗಿಗೆ ಕಾಯುವ ಹುಡುಗನ ಕಥೆ ಮಾಡಬಹುದಿತ್ತು, ಅಲ್ವಾ? ಇಲ್ಲಿ ಡೊನ್ನಾ ಸೀದಾ ಟೆಡ್ ಹತ್ತಿರ ವಾಪಸ್ ಬರುತ್ತಾಳೆ. ಕೊನೆಯಲ್ಲಿ ನೋಡಿದರೆ ಪೈಲಟ್! ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಅಷ್ಟು ದೊಡ್ಡ ದುಡಿಮೆಯನ್ನು ಒಂದು ದೃಶ್ಯದಲ್ಲಿ ಮುಗಿಸಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಯಿತು. ನಾನು ನೋಡಬೇಕೆಂದಿದ್ದು ಅದನ್ನೇ.

ತಂಗಿಯನ್ನು ಒಮ್ಮೆ ವಿಮಾನದಲ್ಲಿ ಕರೆದುಕೊಂಡು ಹೋಗಿ. ಟೇಕಾಫ್ ಹೊತ್ತಿಗೆ ಕ್ರ್ಯೂ ಕಡೆ ನೋಡಲು ಹೇಳಿ. ಸುಮ್ನೆ ಕೂತಂತೆ ಕಾಣುತ್ತಾರೆ. ಆಗ ಮನಸ್ಸಿನಲ್ಲೇ ಎಲ್ಲಾ ಓಡುತ್ತಿರುತ್ತದೆ: ಏನಾದರೂ ಆದರೆ ಯಾವ ಬಾಗಿಲು, ಏನು ಕೂಗಬೇಕು, ಯಾರನ್ನು ಮೊದಲು ಕೈಹಿಡಿದು ಇಳಿಸಬೇಕು. ಆ ದಿನ ನಾನು ಆಯಿಯ ಸೀಟ್ ನಂಬರ್ ಹೇಳಿಕೊಳ್ಳುತ್ತಾ ಕೂತಿದ್ದೆ.

ಅವಳಿಗೆ ಇಂಟರ್ವ್ಯೂ ಬಗ್ಗೆ ಏನಾದರೂ ಕೇಳುವುದಿದ್ದರೆ ಇಲ್ಲೇ ಬರೆಯಲಿ, ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ.