ಬೌನ್ ಹೆಸರು ಅಲ್ಲೇ ಇರಲಿ ಬಿಡಿ

ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಹೋಗಿ ಬಂದ ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಬೀದಿಗೆ ದೇವಸ್ಥಾನದ ಹೆಸರನ್ನೇ ಇಟ್ಟಿದ್ದು ಸಂತೋಷ, ಆದರೆ ‘ಬೌನ್ ಸ್ಟ್ರೀಟ್’ ಅನ್ನುವ ಹಳೇ ಬೋರ್ಡನ್ನು ಯಾಕೆ ತೆಗೆದಿಲ್ಲ, ಯಾರೀ ಬೌನ್?

ಸರ್, ಬೋರ್ಡ್ ತೆಗೆಸುವ ಮಾತು ಮಾತ್ರ ಬೇಡ. 2022ರಲ್ಲಿ ಇಟ್ಟದ್ದು ಜೊತೆ ಹೆಸರು, ಹಳೆಯದು ಹಾಗೇ ಇರುತ್ತದೆ. ಈ ಬೀದಿಯ ಮಟ್ಟಿಗಂತೂ ಅದು ಒಳ್ಳೆಯದೇ ಆಯಿತು.

ಜಾನ್ ಬೌನ್ ಇಂಗ್ಲೆಂಡಿನಿಂದ ಬಂದು ನೆಲೆಸಿದವನು. ಆಗ ಆ ಪ್ರದೇಶವೆಲ್ಲ ಡಚ್ಚರ ವಸಾಹತು. ಅದರ ಮುಖ್ಯಾಧಿಕಾರಿ ಪೀಟರ್ ಸ್ಟೈವೆಸಂಟ್‌ಗೆ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರನ್ನು ಕಂಡರೆ ಆಗುತ್ತಿರಲಿಲ್ಲ. ಪಾದ್ರಿಯಿಲ್ಲದೆ ಸುಮ್ನೆ ಒಟ್ಟಿಗೆ ಮೌನವಾಗಿ ಕೂರುವ ಜನ ಅವರು, ಅಧಿಕಾರಿ ಎದುರು ಬಂದರೂ ಟೋಪಿ ತೆಗೆಯುತ್ತಿರಲಿಲ್ಲ. ಅವರಿಗೆ ಮನೆಯಲ್ಲಿ ಜಾಗ ಕೊಟ್ಟರೂ ದಂಡ ಅಂತ ಆಜ್ಞೆಯಾಯಿತು. ಇದನ್ನು ನಾವು ಒಪ್ಪಲ್ಲ ಅಂತ 1657ರ ಡಿಸೆಂಬರ್ 27ರಂದು ಫ್ಲಶಿಂಗ್‌ನ ಸುಮಾರು 30 ಜನ ಸಹಿ ಹಾಕಿ ಮನವಿ ಕೊಟ್ಟರು, ಅವರು ಯಾರೂ ಕ್ವೇಕರ್‌ಗಳಲ್ಲ ಅನ್ನುವುದೇ ಇದರಲ್ಲಿ ನನಗೆ ಬಹಳ ಹಿಡಿಸಿದ ವಿಷಯ. ಬರೆದವನು ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್, ತಲುಪಿಸಿದವನು ಶೆರಿಫ್ ಟೋಬಿಯಾಸ್ ಫೀಕ್. ಅಂದರೆ ಊರಿನ ಆಡಳಿತವೇ ಮೇಲಿನವರ ಎದುರು ನಿಂತಿತ್ತು, ಅಲ್ವಾ? ಇಬ್ಬರನ್ನೂ ಬಂಧಿಸಿದರು.

ಬೌನ್ ಕಥೆ ಆಮೇಲಿನದು. 1662ರಲ್ಲಿ ಮನೆಯಲ್ಲಿ ಕ್ವೇಕರ್ ಸಭೆ ಸೇರಿಸಿದ್ದಕ್ಕೆ ಹಿಡಿದರು, ದಂಡ ಕಟ್ಟಲ್ಲ ಅಂದ, ಗಡೀಪಾರು ಮಾಡಿದರು. ಅವನು ಆಮ್‌ಸ್ಟರ್‌ಡ್ಯಾಮ್‌ಗೇ ಹೋಗಿ ಆ ವಸಾಹತನ್ನು ನಡೆಸುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಮುಂದೆ ವಾದ ಮಾಡಿದ. 1663ರಲ್ಲಿ ಕಂಪನಿ ಸ್ಟೈವೆಸಂಟ್‌ಗೆ ಪತ್ರ ಬರೆದು, ಗಲಾಟೆ ಮಾಡದೆ ಇರುವವರನ್ನು ಅವರ ನಂಬಿಕೆಗೆ ಬಿಡು ಅಂತ ಹೇಳಿತು. ವಲಸೆ ಬರುವವರು ಕಡಿಮೆಯಾದರೆ ಕಂಪನಿಗೇ ನಷ್ಟ, ಆ ಲೆಕ್ಕವೂ ಇತ್ತು ಅನ್ನಿ.

ಅಮೆರಿಕದ ಸಂವಿಧಾನದ ಧಾರ್ಮಿಕ ಸ್ವಾತಂತ್ರ್ಯಕ್ಕೆ ಇದೇ ಬೇರು ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ಆ ಸ್ವಾತಂತ್ರ್ಯವನ್ನು ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿ ಬಂದದ್ದು 1791ರಲ್ಲಿ, ನಡುವೆ ನೂರಕ್ಕೂ ಜಾಸ್ತಿ ವರ್ಷ.

ಇನ್ನು ಬೌನ್‌ಗೆ ಸಿಕ್ಕ ಗೌರವದ ವಿಷಯ. ನನ್ನ ಪ್ರಕಾರ ಬೋರ್ಡಿಗಿಂತ ದೊಡ್ಡದು ನ್ಯೂಯಾರ್ಕ್ ನಗರ 1965ರಲ್ಲಿ ಮಾಡಿದ ಹಳೇ ಕಟ್ಟಡಗಳ ರಕ್ಷಣೆಯ ಕಾನೂನು. ಅದರಡಿ 1966ರಲ್ಲಿ ಬೌನ್ ಮನೆಗೆ, 1970ರಲ್ಲಿ ಕ್ವೇಕರ್‌ಗಳು 1694ರಲ್ಲಿ ಕಟ್ಟಿದ ಸಭಾಮನೆಗೆ ಮನ್ನಣೆ ಸಿಕ್ಕಿತು. ಸುಮ್ನೆ ಫಲಕ ಹಾಕಿ ಕೈತೊಳೆದುಕೊಳ್ಳುವುದಲ್ಲ ಇದು, ಹೊರಗಿನ ರೂಪವನ್ನು ನಗರದ ಅನುಮತಿ ಇಲ್ಲದೆ ಮಾಲೀಕರೂ ಬದಲಿಸುವ ಹಾಗಿಲ್ಲ. ಫ್ಲಶಿಂಗ್‌ನಂಥ ಕಡೆ ಜಾಗಕ್ಕೆ ಇರುವ ಬೆಲೆ ನೀವೇ ನೋಡಿದ್ದೀರಿ. ಬೌನ್ ವಂಶದವರು 1945ರವರೆಗೂ ಆ ಮನೆಯಲ್ಲೇ ಇದ್ದರು, ಈಗ ಅದು ನಗರದ ಆಸ್ತಿ. ಸಭಾಮನೆಯಲ್ಲಿ ಕ್ವೇಕರ್‌ಗಳು ಇಂದಿಗೂ ಸೇರುತ್ತಾರೆ.

ಬೇಸರ ಅಂದರೆ, ಹಾರ್ಟ್ ಮತ್ತು ಫೀಕ್ ಹೆಸರು ಕೇಳುವವರು ಕಡಿಮೆ. ಹೊಸ ಬೋರ್ಡ್ ಹಾಕಿಸುವುದಾದರೆ ನನ್ನ ಓಟು ಆ ಗುಮಾಸ್ತನಿಗೆ.

ಮುಂದಿನ ಸಲ ದರ್ಶನ ಮಾಡಿ, ಕ್ಯಾಂಟೀನಿನಲ್ಲಿ ದೋಸೆ ತಿಂದು, ಅದೇ ಬೀದಿಯಲ್ಲಿ ಉತ್ತರಕ್ಕೆ ನಡೆಯಿರಿ. ಬೌನ್ ಮನೆ ಅಲ್ಲೇ ಸಿಗುತ್ತದೆ. ಒಳಗೆ ನೋಡಬೇಕಿದ್ದರೆ ಯಾವ ದಿನ ಬಿಡುತ್ತಾರೆ ಅಂತ ಮಗಳಿಂದ ಮೊದಲೇ ವಿಚಾರಿಸಿಕೊಳ್ಳಿ.